ಕುಂಬಳಕಾಯಿ ಬಹುಮಾನ

ಸ್ಪೇನ್ ಅಂದ್ರ ಆಗ ಬಾಗಲಕೋಟಿಗೆ
ಸಿಸ್ಟರ್ ಪಿಲಾರ್ ಒಬ್ಬಾಕೀನ.
ಮಿಶನ್ ದವಾಖಾನ್ಯಾಗ ಕೂಸಿಗೆ ಸೂಜಿ ಚುಚ್ಚಿ
ಅಳು ನಿಲ್ಲೂತನಕ ಒಂದ ಕಥಿ ಹೇಳಾಕಿ:
ತನ್ನ ಊರಾಗ ಶುಕ್ರವಾರ ರಾತ್ರಿ ಓಣಿ ಖಾಲಿ,
ನಾಯಿ ಸುದ್ದಾ ಒಳಗ, ಟೀವಿ ಮುಂದ.
ಜೋಡಿ ಜೋಡಿ ಕುಂತು ಉಸಿರು ಬಿಡದ ಉತ್ತರ,
ಉತ್ತರಕ್ಕಿಷ್ಟು ದುಡ್ಡು.
ಕೊನೀಗೆ ಮುಚ್ಚಿಟ್ಟ ಬಹುಮಾನ. ಹಿಡೀತೀರೋ, ಬಿಡತೀರೋ?
ಕಾರ್ ಇರಬಹುದು, ಸಮುದ್ರದ ದಂಡಿಗೆ ಮನಿ ಇರಬಹುದು.
ಇಲ್ಲಾಂದ್ರ ಕುಂಬಳಕಾಯಿ.
"ಆಗ ನಮ್ಮ ದೇಶದಾಗ ಜನ ಸಣ್ಣ ದನಿಲೆ ಮಾತಾಡತಿದ್ರು,
ಅದೊಂದು ಹೊತ್ತು ಮಾತ್ರ ಜೋರ ನಗತಿದ್ರು"
ಅಂದಿದ್ಲು ಒಮ್ಮೆ, ಹತ್ತಿ ಒತ್ತಿ ಹಿಡಿದು.

ಗೂಳಪ್ಪ ಹೊಕ್ರಾಣಿ ಮಗಳನ್ನ ಎತ್ತಿಕೊಂಡು ಹೋದಾವ
ಇದನ್ನ ಎತ್ತಿಕೊಂಡು ಬಂದ.
ಕೌಲಪೇಟಿ ಕೇಬಲ್ ಅವಂದು, ಮುನ್ನೂರಾ ಹನ್ನೆರಡು ಮನಿ.
ಹತ್ತಿ ಗೋದಾಮ ಸ್ಟುಡಿಯೋ ಆತು,
ನಮ್ಮವ್ವನ ಇಳಕಲ್ ಸೀರಿ ಪರದೆ ಆತು,
ಗಂಟೆ ಸಾಲೀದು, ಕೇಳದ ತಂದದ್ದು.
ಬಾರಿಸಾಕಿ ನಾನು.
ಲೆಕ್ಕದ ಹುಡುಗಿ ದೊಡ್ಡ ಚಷ್ಮಾ ಹಾಕಬೇಕಂತ,
ಅಲ್ಲಿ ಹಂಗ ಪದ್ಧತಿ ಅಂತ.
ನನಗ ಮೊದಲ ಇತ್ತು.

"ಕೆಂಪು ಇರೂ ವಸ್ತು, ಒಂದಕ್ಕ ಎರಡು ರೂಪಾಯಿ.
ಉದಾಹರಣೆಗೆ, ಒಣ ಮೆಣಸಿನಕಾಯಿ. ಹೂಂ, ಹೇಳ್ರಿ!"
ಒಣ ಮೆಣಸಿನಕಾಯಿ, ಕುಂಕುಮ, ಎಸ್ಟೀ ಬಸ್ಸು,
ಟಪಾಲ ಡಬ್ಬಿ, ಕಲ್ಲಂಗಡಿ ಒಳಗ,
ನಮ್ಮ ಅತ್ತೀ ಕಣ್ಣು.
ಅದಕ್ಕೂ ಎರಡು ರೂಪಾಯಿ ಹಾಕಿದೆ.

ಗೆದ್ದವರಿಗೆ ಕುಕ್ಕರ್. ಒಮ್ಮೆ ಮಾತ್ರ ಹಳೇ ಲೂನಾ ಗಾಡಿ.
ಸೋತವರಿಗೆ ಸುಣ್ಣದಲೆ ಕಣ್ಣು ಮೂಗು ಬರದ ಕುಂಬಳಕಾಯಿ.
ಸೋತವರು ಮರುದಿನ ಗಾರಿಗಿ ಕರದು ಓಣಿಗೆಲ್ಲ ಹಂಚತಿದ್ರು,
ಗೆದ್ದವರ ಕುಕ್ಕರ್ ಯಾರು ಕಂಡಾರ?
ಪ್ಯಾಟ್ಯಾಗ ಯಾರರೆ "ಕುಂಬಳಕಾಯಿ ಕಳ್ಳ!" ಅಂದ್ರ
ಗೂಳಪ್ಪ ಖರೇನ ಹೆಗಲು ಮುಟ್ಟಿ ನೋಡಿಕೊಂಡು ನಗತಿದ್ದ.

ಆಮ್ಯಾಲೆ ಗ್ವಾಡಿ ಗ್ವಾಡಿಗೆ ನಂಬರ್ ಬಂತು.
ಕೆಂಪು ಇರೂ ವಸ್ತು.
ಅದನ್ನ ಯಾರೂ ಹೇಳಿರಲಿಲ್ಲ.
ಆಲಮಟ್ಟ್ಯಾಗ ನೀರು ಏರಿಧಾಂಗ
ಮುನ್ನೂರಾ ಹನ್ನೆರಡು ಮನಿ ಇನ್ನೂರಾದ್ವು, ನಲವತ್ತಾದ್ವು.

ಕಡೀ ಶುಕ್ರವಾರ ಆಡಾಕ ಬಂದಾಕಿ ಜೈತುನಬಿ ಅತ್ತಾರ,
ಬಳಿ ಮಾರಾಕಿ. ಜೋಡಿ ಇರಬೇಕು ಅಂತ ನಿಯಮ;
ಗಂಡ ನವನಗರಕ್ಕ ಲಾರಿ ಮ್ಯಾಲೆ ಕಪಾಟ ಹೇರಿಕೊಂಡು ಹೋಗಿದ್ದ.
ಗೂಳಪ್ಪ ಪ್ರಶ್ನೆ ಚೀಟಿ ಬಿಚ್ಚಿದ, ಮಡಚಿದ, ಬ್ಯಾರೇನ ಕೇಳಿದ:
"ನೀರಾಗ ಹೋಗೂವು.
ಉದಾಹರಣೆಗೆ, ಈ ಗೋದಾಮ."

ಈ ಗೋದಾಮ. ಅಗಸಿ ಕಲ್ಲು. ಹೊಳಿ ಮೆಟ್ಟಲ.
ಮಸೂತಿ ಮುಂದಿನ ಬೇವು, ಅದರ ನೆಳ್ಳು.
ಹಿಟ್ಟಿನ ಗಿರಣಿ ಸಪ್ಪಳ.
ಚಂಬವ್ವನ ಹೊಸ್ತಲ. ಹಸರ ಬಳಿ ನಾನ ಇಡಿಸಿದ್ದೆ, ಅಲ್ಲೇ ಒಡದ್ರು.
ನನ್ನ ಉದ್ರಿ ಬರದಿಟ್ಟ ಗ್ವಾಡಿ, ಎಲ್ಲಾ ಗ್ವಾಡಿ.
ಕರೇ ನಾಯಿ ಮಲಗೂ ಜಾಗಾ.
ನಲವತ್ತೈದು ಸೆಕೆಂಡ್ ದಾಟಿತು.
ನಾನು ಕೈ ಸೆರಗಿನ್ಯಾಗ ಇಟ್ಟುಕೊಂಡೆ.
ಆಕಿ ಹೇಳತಾ ಹೋದ್ಲು, ಒಂದೊಂದ ಓಣಿ ಹೊಕ್ಕು ಹೊರಬಿದ್ದು,
ಬಳಿ ಬುಟ್ಟಿ ಹೊತ್ತ ನಡಿಗಿಲೆ,
ಕ್ಯಾಸೆಟ್ ಮುಗದು ಕಟ್ ಅನ್ನೂತನಕ.

"ಎಷ್ಟಾತು?" ಅಂದ ಗೂಳಪ್ಪ.
ಲೆಕ್ಕ ತಪ್ಪೇತಿ ಅಂದೆ.
ತಪ್ಪಿರಲಿಲ್ಲ. ಎಂಬತ್ತಮೂರು.
ಅಷ್ಟು ರೊಕ್ಕ ಗಲ್ಲೇದಾಗ ಇರಲಿಲ್ಲ.
ಜೈತುನಬಿ ತಾನ ಎದ್ದು ಕುಂಬಳಕಾಯಿ ಎತ್ತಿ
ಖಾಲಿ ಬುಟ್ಟ್ಯಾಗ ಇಟ್ಟುಕೊಂಡ್ಲು.
"ಇದಾದ್ರೂ ತೇಲತೈತಿ" ಅಂದ್ಲು.

ಸಿಸ್ಟರ್ ತನ್ನ ದೇಶಕ್ಕ ಹೋಗಿ ಒಂದ ಕಾಗದ ಬರದಿದ್ಲು:
ಅಲ್ಲಿ ಆ ಆಟ ನಿಂತು, ಶುರುವಾಗಿ, ಮತ್ತ ನಿಂತತಂತ.
ಗೂಳಪ್ಪ ಈಗ ಸೆಕ್ಟರ್ ನಲವತ್ತರಾಗ ಮೊಬೈಲ್ ರಿಪೇರಿ ಮಾಡತಾನ.
ಕ್ಯಾಸೆಟ್‌ಗೆ ಬೂಸು ಬಂದಾವ, ಹಚ್ಚಿದ್ರ ಬರೇ ಗೆರಿ.

ಗಂಟೆ ನನ್ನ ಕಡೆ ಐತಿ.
ಸಾಲಿ ನೀರಾಗ ಐತಿ.
ಕೇಳದ ತಂದದ್ದು,
ಯಾರಿಗೆ ತಿರುಗಿ ಕೊಡಲಿ?