ನಾಲ್ಕೂ ಮುಕ್ಕಾಲು

ಅಜ್ಜಿ ಲಾಮ್ಜೀರಾ ಇಪ್ಪತ್ತೊಂಬತ್ತು ವರ್ಷ
ಚಹಾ ಉಗುಳಿ ಸಂಬಳ ತಂದವಳು.
ಓಜುರ್ಗೇತಿಯ ಕಾರ್ಖಾನೆಯಲ್ಲಿ ಬಿಳಿ ಕೋಟು,
ಸಾಲು ಬಟ್ಟಲು, ಒಂದು ಬೆಳ್ಳಿ ಚಮಚ.
ಸುರ್ರೆಂದು ಎಳೆದು, ನಾಲಗೆಯ ಮೇಲೆ ಹೊರಳಿಸಿ,
ತೂ, ಹಿತ್ತಾಳೆಯ ಡಬ್ಬಿಗೆ.
ಆಮೇಲೆ ಐದಕ್ಕೆ ಒಂದು ಅಂಕಿ:
ಮೂರೂಕಾಲು. ಮೂರೂವರೆ.
ಇಡೀ ಗುಡ್ಡದ ಎಲೆ
ಆ ಅಂಕಿಯ ಬೆನ್ನು ಹಿಡಿದು ರೈಲು ಹತ್ತುತ್ತಿತ್ತು.

"ನುಂಗಬಾರದು ಕಣೇ" ಅನ್ನುತ್ತಾಳೆ ಈಗಲೂ,
"ನುಂಗಿದರೆ ಹತ್ತನೇ ಬಟ್ಟಲಿಗೆ
ನಾಲಗೆ ಸುಳ್ಳು ಹೇಳುತ್ತೆ."

ಎಲೆ ಬಾಡಿಸುತ್ತಿದ್ದ ಆ ಕೋಣೆಯಲ್ಲಿ ಈಗ
ಹಗಲೂ ರಾತ್ರಿ ಯಂತ್ರಗಳ ಗುಂಯ್.
ನಾಣ್ಯ ಅಗೆಯುತ್ತವಂತೆ. ಎಲೆ ಇಲ್ಲ,
ಬಿಸಿಗಾಳಿ ಮಾತ್ರ ಹಾಗೇ ಇದೆ.
ಕಾವಲುಗಾರ ಬೆಸಾರಿಯೋನ್ ಅದರ ಬಾಯಿಗೆ ಅಡ್ಡ
ಮೆಣಸಿನಕಾಯಿ ಸರ ಕಟ್ಟಿ ಒಣಗಿಸುತ್ತಾನೆ.

ನಾನು ಚಿತ್ರ ಬಿಡಿಸುವವಳು, ಪರದೆಯ ಮೇಲೆ.
ಮೊದಲನೆಯದನ್ನು ಬ್ಲಾಕ್‌ಚೈನಿಗೆ ಏರಿಸುವ ದಿನ
ಗ್ಯಾಸಿಗೆ ದುಡ್ಡು ಬೇಕು ಅಂದೆ.
ಅಜ್ಜಿ ಅಡುಗೆಮನೆಗೆ ಹೋಗಿ
ಸಿಲಿಂಡರ್ ಅಲ್ಲಾಡಿಸಿ ಬಂದಳು:
"ಅರ್ಧ ಇದೆಯಲ್ಲೇ ಇನ್ನೂ."

ಆರು ತಿಂಗಳು ಯಾರೂ ಏನು ಎತ್ತ ಕೇಳಲಿಲ್ಲ.
ಒಂದು ರಾತ್ರಿ ಒಬ್ಬ, ಹೆಸರಿಲ್ಲದವ,
ಮುಖದ ಜಾಗದಲ್ಲಿ ಟೋಪಿ ಹಾಕಿದ ಬಾತುಕೋಳಿ,
ನನ್ನ ತೋಯ್ದ ಬಸ್ ನಿಲ್ದಾಣವನ್ನು ಕೊಂಡ.
ಕೆಳಗೆ ಒಂದು ಸಾಲು ಬರೆದ: ಇವಳ ಮೇಲೆ ಕಣ್ಣಿಡಿ.
ಬೆಳಗಾಗುವುದರೊಳಗೆ ಕಣ್ಣೋ ಕಣ್ಣು.
ಹನ್ನೊಂದು ನಿಲ್ದಾಣ ಮಾರಿದವು,
ಬಸ್ಸೇ ಬಾರದ ಹಳ್ಳಿಗಳವು.
ಅಪ್ಪನಿಗೆ ಹಲ್ಲು ಕಟ್ಟಿಸಿದೆ,
ಸೂರಿಗೆ ಹೊಸ ತಗಡು ಹೊದಿಸಿದೆ.

ಬಾತುಕೋಳಿಗೆ ನೀಲಿ ಇಷ್ಟ ಅಂತ ಯಾರೋ ಹೇಳಿದರು.
ಯಾರೂ ಹೇಳಲಿಲ್ಲ, ನಾನೇ ಊಹಿಸಿದೆ.
ನಿಲ್ದಾಣಕ್ಕೆ ನೀಲಿ, ಹಸುವಿಗೆ ನೀಲಿ,
ತೀರಿಹೋದ ಚಿಕ್ಕಪ್ಪನ ಕಂದು ಕೋಟು,
ಅದಕ್ಕೂ.
ಅವನು ಮೆಚ್ಚಿದ್ದನ್ನು ಮೆಚ್ಚುವವರು,
ಅವರು ನಾಳೆ ಮೆಚ್ಚಬಹುದಾದ್ದನ್ನು
ಇವತ್ತೇ ಮೆಚ್ಚಿ ದಾಸ್ತಾನು ಮಾಡುವವರು.
ಅಳಿಸಲಾಗದ ಆ ಲೆಕ್ಕದ ಪುಸ್ತಕದಲ್ಲಿ
ಯಾರು ಕೊಂಡರು ಇದೆ, ಎಷ್ಟಕ್ಕೆ ಇದೆ,
ಗಳಿಗೆ ಇದೆ, ಸೆಕೆಂಡು ಸಮೇತ.
ಯಾರು ನೋಡಿದರು ಅನ್ನುವುದೊಂದು ಇಲ್ಲ.

ಕೈ ಬದಲಾದಾಗಲೆಲ್ಲ ನೂರಕ್ಕೆ ಹತ್ತು ನನಗೆ
ಎಂದಿತ್ತು ಕರಾರು.
ಮಾರ್ಚಿನಲ್ಲಿ ಪೇಟೆಯವರು ಅದನ್ನು
ಕೊಳ್ಳುವವರ ಇಷ್ಟಕ್ಕೆ ಬಿಟ್ಟರು.
ಇಷ್ಟ ಎಷ್ಟು ತೆಳ್ಳಗಿನ ಪದ ಅಂತ
ಏಪ್ರಿಲ್ ಹೇಳಿತು.
ಬಾತುಕೋಳಿ ಈಗ ಮಾಂಟೆವಿಡಿಯೋದ
ಯಾವನೋ ಹುಡುಗನ ಮೇಲೆ ಕಣ್ಣಿಡಿ ಅನ್ನುತ್ತಿದೆ.
ಕಲ್ಲಂಗಡಿ ಬಿಡಿಸುತ್ತಾನೆ.
ಚೆನ್ನಾಗಿಯೇ ಬಿಡಿಸುತ್ತಾನೆ, ಅದೇ ಸಂಕಟ.

"ಎಲ್ಲಾ ತಾ ಇಲ್ಲಿ" ಅಂದಳು ಅಜ್ಜಿ ಒಂದು ಭಾನುವಾರ.
ಉಪ್ಪಿನ ಭರಣಿಗೆ ಟ್ಯಾಬ್ಲೆಟ್ ಒರಗಿಸಿ,
ಪೊರೆ ತೆಗೆಸಿದ ಕಣ್ಣೊಂದನ್ನೇ ನೆಚ್ಚಿ ಕೂತಳು.
ಒಂದೊಂದಕ್ಕೂ ಎರಡು ಉಸಿರಿನ ಹೊತ್ತು.
ತುಟಿ ತಾನಾಗಿ ಸುರ್ರೆಂದಿತು.
ಎರಡು. ಎರಡೂಕಾಲು. ಎರಡು.
"ಎಂಜಲು" ಅಂದಳು ನೀಲಿಗಳಿಗೆ.
ಬೈದದ್ದಲ್ಲ, ದರ್ಜೆ ಹೇಳಿದ್ದು.
"ಇನ್ನೊಬ್ಬರ ಬಾಯಲ್ಲಿದ್ದು ಬಂದವು ಇವು."

ಕೊನೆಗೆ, ಬೆರಳು ತಪ್ಪಿ ತೆರೆದದ್ದು,
ಎಲ್ಲೂ ಏರಿಸದೆ ಬಿಟ್ಟದ್ದು:
ಯಂತ್ರದ ಬಾಯಿ, ಬೆಸಾರಿಯೋನನ ಸರ,
ಬರೀ ದಾರದ ಗಂಟುಗಳೇ ಮುಗಿದಿವೆ,
ಮೆಣಸಿಗೆ ಇನ್ನೂ ಬಣ್ಣವಿಲ್ಲ.
ಅಜ್ಜಿ ಸುಮ್ಮನಾದಳು.
ಹೊರಗೆ ಯಾರದೋ ಟ್ರ್ಯಾಕ್ಟರ್ ಕೆಮ್ಮಿ ಹತ್ತಿಕೊಂಡಿತು.
"ನಾಲ್ಕೂ ಮುಕ್ಕಾಲು."

ಐದು ಯಾಕಲ್ಲ?
"ಐದು ಒಂದೇ ಸಲ ಕೊಟ್ಟಿದ್ದೆ ತಮ್ತಾ,
ಮಂಜಿನ ವರ್ಷ, ಮೇ ತಿಂಗಳ ಮೊದಲ ಕುಯ್ಲು.
ಅವತ್ತು ನುಂಗಿಬಿಟ್ಟಿದ್ದೆ."

ರಾತ್ರಿ ಅದನ್ನು ಏರಿಸಿದೆ, ಬಣ್ಣ ಹಾಕದೆ.
ಬೆಲೆಯ ಖಾನೆಯಲ್ಲಿ ಅಜ್ಜಿಯ ಅಂಕಿ ಬರೆದು,
ಅಳಿಸಿ, ಮತ್ತೆ ಅದನ್ನೇ ಬರೆದೆ.
ಬಾತುಕೋಳಿ ಬಂದು ಹೋಯಿತೇ ಅಂತ
ಎರಡು ಸಲ ನೋಡಿದೆ.
ಸುಳ್ಳು.
ಏಳು ಸಲ.