ಹದಿನಾರರ ಬಂದೂಕು

ಮಿರಜಿನ ಅಂಗಡ್ಯಾಗ ಗಾಜಿನ ಹಿಂದ ಎರಡು ನಿಂತಿದ್ದವು.
ಒಂದರ ಕೊರಳಿಗೆ ಹನ್ನೆರಡು ಅಂತ ಚೀಟಿ,
ಇನ್ನೊಂದಕ್ಕ ಹದಿನಾರು.
ಹದಿನಾರರದು ಒಂಬತ್ತು ಸಾವಿರ ಅಗ್ಗ,
ಹಿಡಿಕಿಗೆ ಕೊರೆದ ಬಳ್ಳಿ, ಯಾರೋ ಇನಾಮದಾರರ ಮನೀದು.
ಹನ್ನೆರಡಕ್ಕಿಂತ ಹದಿನಾರು ದೊಡ್ಡದು,
ಎಮ್ಮಿ ಕಾಯೋ ಹುಡುಗನಿಗೂ ಗೊತ್ತು.
ರೂಪಾಯಿಗೆ ಹದಿನಾರಾಣೆ ಅಂತ ನಮ್ಮಪ್ಪ ಸಾಯೋತನಕ ಎಣಿಸಿದ.
ನಾ ತೂಕದ ಮನಷಾ, ನೂರಾ ಎಂಟು ಕಿಲೋ ಇದ್ದಾಗ
ಜತ್ತಿನ ತಾಲೀಮಿನ್ಯಾಗ ನನ್ನ ಎತ್ತಾವರಿರಲಿಲ್ಲ.
ದೊಡ್ಡದನ್ನ ಆರಿಸಿದೆ.

ಅಂಗಡ್ಯಾಂವ ಚಾಳೀಸು ಏರಿಸಿ ಮರಾಠ್ಯಾಗ ಏನೋ ಕೇಳಿದ, ಲಗುಲಗು.
"ಹೋ, ಹೋ" ಅಂದೆ.
ಮೊಣಕಾಲು ಮುರಿದು ಕೆಮ್ಮಣ್ಣು ಬಿಟ್ಟ ಮ್ಯಾಲ
ಕಚೇರಿ, ದವಾಖಾನಿ, ಬ್ಯಾಂಕು,
ತಿಳೀದ ಕಡೆಗೆಲ್ಲ ಅದೊಂದೇ ಪಟ್ಟು ನನಗ ಉಳಿದಿತ್ತು.

ಸೋಮವಾರ ಪತಸಂಸ್ಥಾದ ಬಾಗಿಲಿಗೆ ಚೇರಮನ್ನರು ಕಾಯಿ ಒಡೆದರು,
ಹತ್ತು ಕಾಡತೂಸು ಎಣಿಸಿ ಕೈಗಿಟ್ಟರು.
ನಳಗಿ ಮಡಚಿ ಒಂದು ತುರುಕಿದೆ.
ಹೋಗಲಿಲ್ಲ.
ತಿರುವಿದೆ, ಉಗುಳು ಹಚ್ಚಿದೆ,
ಹೋಗಲಿಲ್ಲ.
ಬಳೆಗಾರನ ಮುಂದ ಕೂತ ದಪ್ಪ ಕೈಯ ಹೆಣಮಗಳಂಗ
ಬೆರಳಿನ ಗಂಟಿಗೇ ನಿಂತುಬಿಟ್ಟಿತು.
ಗಾಡಿಯ ಡ್ರಾಯವರ, ಮಾಜಿ ಹವಾಲದಾರ ದತ್ತೋಬಾ,
ಬಾಯಿಗೆ ಟಾವೆಲ್ ಒತ್ತಿಕೊಂಡು ಹೊರಗ ಹೋದ.

ಆಮ್ಯಾಲ ಚಾ ಕುಡಿಸಿ ಹೇಳಿದ:
ಒಂದು ಪೌಂಡು ಸೀಸ ಕರಗಿಸು.
ಹನ್ನೆರಡು ಗುಂಡು ಮಾಡು.
ಅದರಾಗ ಒಂದು ಹಿಡಿಸೋ ನಳಗಿ ಹನ್ನೆರಡರದು.
ಅಷ್ಟ ಸೀಸಕ್ಕ ಹದಿನಾರು ಮಾಡಿದರ, ತಿಳೀತೇನು?
"ಹೋ" ಅಂದೆ.

ರಾತ್ರಿ ಮಾಯವ್ವ ರೊಟ್ಟಿ ಬಡಿಯುವಾಗ
ಸೀಸದ ಲೆಕ್ಕ ಅಕಿಗೇ ಹಾಕಿದೆ,
ನನಗ ತಿಳೀಲಿಲ್ಲ ಅನ್ನದ.
ಅಕಿ ಹಂಚಿನ ಮ್ಯಾಲಿಂದ ಕಣ್ಣು ತಗೀಲಿಲ್ಲ.
"ದಿನಾ ಇಷ್ಟು ಹಿಟ್ಟಿನ್ಯಾಗ ಹನ್ನೆರಡು ಬಡೀತೀನಿ.
ನಿಮ್ಮ ತಂಗಿ ಮಂದಿ ಬಂದ ದಿನ ಅದ ಹಿಟ್ಟಿಗೆ ಹದಿನಾರು.
ಸಣ್ಣು ಆಗ್ತಾವ.
ಇಷ್ಟಕ್ಕ ಮಿರಜಿಗೆ ಹೋಗಿದ್ರೇನು?"

ಬದಲಿ ಪರವಾನಗಿಗೆ ಸಾಂಗಲಿಗೆ ಅರ್ಜಿ.
ಹನ್ನೊಂದು ತಿಂಗಳು ಬಾಗಿಲಿಗೆ ನಿಂತೆ,
ಯಾವ ಕಾಡತೂಸಿಗೂ ಬಾಯಿ ತಗೀದ ಇನಾಮದಾರನ್ನ ಹೆಗಲಿಗೆ ಹೊತ್ತು.
ಊರಿಗೆ ಗೊತ್ತಿಲ್ಲ. ನನಗ ಗೊತ್ತು.
ಅದಕ್ಕ ಮಂದಿ ಮುಖ ನೋಡೋದು ಕಲ್ತೆ:
ಯಾರ ಕೈ ನಡಗ್ತದ,
ಯಾರು ಪಾಸಬುಕ್ಕು ತಲಿಕೆಳಗ ಹಿಡಿದಾರ.

ದಸರಾ ಮುಗಿದ ವಾರ ಉಮದಿ ಕಡೆಯಾಂವ ಒಬ್ಬ ಬಂದ,
ಕೈಯಾಗ ದ್ರಾಕ್ಷಿ ಬಳ್ಳಿ ಕತ್ತರಿಸೋ ಕತ್ತರಿ.
ಠೇವಿನ ರೊಕ್ಕ ಕೊಡಾಕ ಮೂರು ಸಲ ನಾಳೆ ಅಂದಿದ್ರು.
ಒಳಗಿಂದ ಮ್ಯಾನೇಜರ ಗದ್ದ ಕುಣಿಸಿದ: ಎತ್ತು.
ಎತ್ತಿದರ ಇದು ಬರೇ ಬಡಿಗಿ.
ಅಂವ ಮರಾಠ್ಯಾಗ ಒದರ್ತಿದ್ದ, ಲಗುಲಗು.
ನಾ ಅಂದೆ, ಹುಟ್ಟಿದಾಗಿಂದ ಮೊದಲ ಸಲ:
"ಸಮಜಲ ನಾಹಿ, ಭಾವು. ಪುನ್ಹಾ ಸಾಂಗ."
ಅಂವ ನನ್ನ ನೋಡಿದ.
ಮತ್ತ ಹೇಳಿದ, ಸಾವಕಾಶ.
ಮಗಳ ಆಪರೇಶನ್ನು. ಗುರುವಾರ.
ಕತ್ತರಿ ಯಾವಾಗ ಕಿಸೆಕ್ಕ ಹೋತೋ
ನಮಗಿಬ್ಬರಿಗೂ ಗೊತ್ತಾಗಲಿಲ್ಲ.
ರೊಕ್ಕ ಅವತ್ತೂ ಸಿಗಲಿಲ್ಲ. ಅದು ಬ್ಯಾರೆ ಸುದ್ದಿ.

ಪರವಾನಗಿ ಬಂದ ಮ್ಯಾಲ ಮಿರಜಿಗೆ ಹೋದೆ.
ಅಂಗಡ್ಯಾಂವ ಗುರುತು ಹಿಡಿದ.
"ಅವತ್ತ ಕೇಳಿದ್ನಲ್ಲ" ಅಂದ,
ಈ ಸಲ ನಾನೇ ಸಾವಕಾಶ ಹೇಳಿಸಿದೆ,
"ಇದರ ಕಾಡತೂಸು ಈಗ ಎಲ್ಲೂ ಸಿಗೂದಿಲ್ಲ,
ಗ್ವಾಡಿಗೆ ತೂಗಹಾಕಾಕ ಒಯ್ತೀರೇನು ಅಂತ.
ನೀವು ಹೋ, ಹೋ ಅಂದ್ರಿ."