ಎರವಲು ಲೆಕ್ಕ

ಅರಸೀಕೆರೆ ಜಂಕ್ಷನ್ನಿಗೆ ಬೆನ್ನು ಹಾಕಿ
ಹಳೇ ಕೊಬ್ಬರಿ ಮಂಡಿಯ ಹಿಂದೊಂದು ಕೋಣೆ.
ಬೋರ್ಡಿನ ಮೇಲೆ ಕುಟುಂಬ ಸಹಾಯ ಕೇಂದ್ರ,
ಊರಿನ ಬಾಯಲ್ಲಿ ತೊಟ್ಟಿಲ ರೂಮು.
ಗಾಡಿ ಬಂದರೆ ಬೀರುವಿನ ಬಾಗಿಲು
ತಾನೇ ತೆರೆದುಕೊಳ್ಳುತ್ತದೆ.
ಒಳಗೆ ಇರುವುದು ಇಷ್ಟೇ:
ಎರಡು ಊರುಗೋಲು, ಕೂಸು ತೂಗುವ ತಕ್ಕಡಿ,
ಬಲಗಡೆ ಕಿರುಗುವ ಗಾಲಿಕುರ್ಚಿ,
ಒಂದು ತೊಟ್ಟಿಲು, ಮತ್ತೆ ನಾನು,
ಕೊಟ್ಟದ್ದು ಬಂದದ್ದು ಬರೆಯುವವಳು.

ಹೋಯ್ತು: ತೊಟ್ಟಿಲು. ದ್ಯಾವಮ್ಮ, ಹಾಸನ ರಸ್ತೆ. ಹೆಣ್ಣುಕೂಸು.
ಬಂತು: ಜೊತೆಗೊಂದು ಗಿಲಕಿ.
ಹೋಯ್ತು: ಜುಬೇದಾಬಿ, ರೈಲ್ವೆ ಗೇಟಿನ ಆಚೆ. ಅವಳಿ.
ಬಂತು: ಸಡಿಲಿದ್ದ ಮೂಲೆಗೆ ಹೊಸ ಮೊಳೆ.
ಕೊಂಡುಹೋದ ಹಾಗೇ ತಂದವರು ಕಡಿಮೆ.
ಹೋಯ್ತು: ಹೊನ್ನಾಜಮ್ಮ, ಕೊಪ್ಪಲು.
ಬಂತು: ಒಂಬತ್ತೇ ದಿನಕ್ಕೆ.

ಆ ಸಾಲಿನ ಮುಂದೆ ಏನೂ ಬರೆಯಲಿಲ್ಲ.
ತೊಟ್ಟಿಲನ್ನು ಗೋಡೆಗೆ ಬೋರಲು ಒರಗಿಸಿಟ್ಟೆ.
ಆಕೆ ಮಾತ್ರ ಗುರುವಾರ ಗುರುವಾರ ಬರುತ್ತಾಳೆ,
ಚಾಪೆಯ ತುದಿಯಲ್ಲಿ ಕೂತು ಟೀ ಕುಡಿದು
ಲೋಟ ತೊಳೆದಿಟ್ಟು ಹೋಗುತ್ತಾಳೆ.
ಯಾರೂ ಏನೂ ಕೇಳುವುದಿಲ್ಲ.
ಕೇಳದಿರುವುದನ್ನೂ ಇಲ್ಲಿ ಕಲಿಯಬೇಕಾಯಿತು.

ಮೊನ್ನೆ ಬಂದವನು ಗೌಸ್‌ಪೀರ್,
ತೆಂಗಿನ ನಾರಿನ ಹಗ್ಗ ಹೊಸೆಯುವವನು.
ಹೆಂಡತಿ ಹಾಸನದ ದೊಡ್ಡಾಸ್ಪತ್ರೆಯಲ್ಲಿ, ತಿಂಗಳಾಯ್ತು.
ಗಾಲಿಕುರ್ಚಿಗೇ ಇರಬೇಕೆಂದು ಪುಸ್ತಕ ತೆರೆದೆ.
ಬಾಗಿಲಲ್ಲೇ ನಿಂತ. ಹಿಂದೆ ಮಗಳು,
ತಲೆ ಗುಬ್ಬಿಗೂಡು, ಮುಷ್ಟಿಯಲ್ಲಿ ಕೆಂಪು ರಿಬ್ಬನ್ನು.
"ಅಕ್ಕಾ, ಜಡೆ ಹಾಕೋದು ಹೇಳ್ಕೊಡ್ತೀರಾ?
ಸ್ಕೂಲಲ್ಲಿ ಮಿಸ್ಸು ಬೈತಾರಂತೆ."

ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಇಲ್ಲ.
ಊರುಗೋಲು ವಾಪಸು ಕೊಡಲು ಬಂದಿದ್ದ ತಿಪ್ಪಮ್ಮಜ್ಜಿ
ನನ್ನನ್ನು ಪಕ್ಕಕ್ಕೆ ಸರಿಸಿ ಬಾಚಣಿಗೆ ಹಿಡಿದಳು.
"ಮೂರು ಎಳೆ ಮಾಡು. ಗೊತ್ತಲ್ಲ ನಿಂಗೆ?"
ಗೊತ್ತಿತ್ತು. ಬೆರಳು ಓಡಿದವು
ಹುರಿ ಬಿಗಿದ ಹಾಗೆ.
"ಅಬ್ಬಾ!" ಮಗು ಚೀರಿತು.
"ಮೆಲ್ಲಗಪ್ಪಾ, ಮೆಲ್ಲಗೆ. ಇದು ಬಾವಿ ಹಗ್ಗ ಅಲ್ಲ."
ಚಾಪೆಯ ತುದಿಯಿಂದ ಸಣ್ಣದೊಂದು ನಗು.
ಅವತ್ತು ಗುರುವಾರ ಅನ್ನುವುದು
ನನಗೆ ಆಗ ನೆನಪಾಯಿತು.

ತಿಂಗಳ ಕೊನೆಗೆ ತಾಲ್ಲೂಕು ಆಫೀಸಿನ ಫಾರಂ:
ಫಲಾನುಭವಿಗಳು ಎಷ್ಟು, ಸೇವೆ ಕೊಟ್ಟವರು ಎಷ್ಟು.
ತಿಪ್ಪಮ್ಮಜ್ಜಿಯನ್ನು ಯಾವ ಕಡೆ ಹಾಕಲಿ?
ಆ ನಗುವನ್ನು?
ಪೆನ್ನು ಕಚ್ಚಿ ಕೂತೆ. ಶಿವಮೊಗ್ಗದ ಗಾಡಿ ಹೋಯಿತು,
ಬೀರು ಬಾಯಿ ತೆರೆಯಿತು.
ಎದ್ದು ಮುಚ್ಚಿ ಬಂದು
ಒಂದು ಅಂದಾಜು ಬರೆದು ಕಳಿಸಿದೆ.

ಗಾರೆ ಕೆಲಸದ ಹುಡುಗಿಗೆ ಕೂಸಾಗಿ ಹನ್ನೊಂದು ದಿನ,
ಇವತ್ತು ತೊಟ್ಟಿಲು ಹೊರಡಬೇಕು.
ಬಂದು ನೋಡಿದರೆ ಕೋಣೆಯ ನಡುವೆ ನಿಂತಿದೆ, ಒರೆಸಿ.
ಗೋಡೆಯಿಂದ ತಿರುಗಿಸಿದ್ದು ನಾನಲ್ಲ.
ಹಳೆಯ ಹಗ್ಗ ಸವೆದಿದೆಯೆಂದು ಯಾರು ಹೇಳಿದರೋ,
ಬಾಗಿಲ ಚಿಲಕಕ್ಕೆ ಒಂದು ಸುರುಳಿ ನೇತಾಡುತ್ತಿತ್ತು.

ಬಂತು: ಹೊಸ ಹಗ್ಗ. ಮೂರೆಳೆ.
ಬಿಗಿ ಸ್ವಲ್ಪ ಕಡಿಮೆ.